ಎಪ್ಪತ್ತೈದನೆಯ ಹುಣಸೆಬೀಜ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪಾಪಟೊಯ್‌ಟೊಯ್ ಬಡಾವಣೆಯ ಮನೆಯಲ್ಲಿ ಚಂದ್ರವ್ವ ಬೆಳಗಿನ ಲಿಂಗಪೂಜೆ ಮುಗಿಸದೆ ನೀರು ಕುಡಿದವರಲ್ಲ. ಪೂಜೆಯಾದ ಮೇಲೆ ಅಕ್ಕಿ ಅಳೆಯುತ್ತಾರೆ. ಮೊದಲ ಹಿಡಿಗೆ ‘ಒಂದು’ ಎನ್ನದೆ ‘ಲಾಭ’ ಎಂದು ಹೇಳಿ, ಅದನ್ನು ದೇವರ ಡಬ್ಬಿಗೆ ಹಾಕಿದ ನಂತರವೇ ಅಡುಗೆಯ ಅಕ್ಕಿ. ಸವದತ್ತಿಯಲ್ಲಿ ಅವರ ಅತ್ತೆ ಮಾಡುತ್ತಿದ್ದುದೂ ಹೀಗೆಯೇ.

ಆ ಶನಿವಾರ ಬೇಸ್‌ಬಾಲ್ ಋತುವಿನ ಮೊದಲ ಪಂದ್ಯ. ಹದಿನಾರರ ಮೊಮ್ಮಗಳು ವಚನಾ ಕ್ಲಬ್ಬಿನ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವಳು. ಆಕ್ಲೆಂಡ್ ತಂಡಕ್ಕೆ ಹುಡುಗಿಯರನ್ನು ಆರಿಸುವ ಹೆಂಗಸು ಅಂದು ನೋಡಲು ಬರುವವರಿದ್ದರು. ಎಳೆಯ ತೋಳು ಕೆಡಬಾರದೆಂದು ಲೀಗಿನದೊಂದು ಕಟ್ಟುನಿಟ್ಟು: ಎಪ್ಪತ್ತೈದು ಎಸೆತವಾದ ಮೇಲೆ ಹೊಸ ಬ್ಯಾಟರ್‌ಗೆ ಎಸೆಯುವಂತಿಲ್ಲ. ಹೋದ ವರ್ಷ ಮೊಣಕೈ ಊದಿಕೊಂಡು ವಚನಾ ಎರಡು ತಿಂಗಳು ಮನೆಯಲ್ಲಿ ಕೂತಿದ್ದಳು. ಎಸೆತ ಎಣಿಸುತ್ತಿದ್ದವರು ದೂರದ ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ಗೆ ಮನೆ ಬದಲಿಸಿದ್ದರಿಂದ, ಆ ಕೆಲಸವನ್ನು ಈ ಸಲ ಚಂದ್ರವ್ವನೇ ಕೇಳಿ ಪಡೆದಿದ್ದರು.

ಮೈದಾನದ ಬೇಲಿಯ ಪಕ್ಕ ಕೂತ ಚಂದ್ರವ್ವನ ಮಡಿಲಲ್ಲಿ ಹುಣಸೆಬೀಜದ ಚೀಲ, ಮುಂದೆ ಸ್ಟೀಲ್ ಬಟ್ಟಲು. ಎಸೆತಕ್ಕೊಂದು ಬೀಜ. ಸ್ಕೋರ್ ಪುಸ್ತಕ ಬರೆಯುವ ಮೈಸೂರಿನ ಬದರಿನಾಥ್ ನಕ್ಕರು. “ಆಂಟಿ, ಚೌಕಾಬಾರ ಆಡ್ತಿದೀರಾ?”

“ಹೂಂರೀ, ನೀವು ಸೋತೀರಿ, ಸುಮ್ಮ ಕೂಡ್ರಿ.”

ಹತ್ತಿರದ ನಿಲ್ದಾಣಕ್ಕೆ ವಿಮಾನಗಳು ತಲೆಯ ಮೇಲಿಂದಲೇ ಇಳಿಯುತ್ತಿದ್ದವು. ವಚನಾಳ ಚೆಂಡು ಬ್ಯಾಟಿನ ಹತ್ತಿರ ಬಂದು ಸರಕ್ಕನೆ ಕೆಳಗೆ ಜಾರುತ್ತಿತ್ತು. ಎದುರು ತಂಡ ಬರಿಗಾಳಿಗೆ ಬ್ಯಾಟ್ ಬೀಸಿ ಬೀಸಿ ಹೋಗುತ್ತಿತ್ತು. ಆಯ್ಕೆಗೆ ಬಂದ ಹೆಂಗಸು ಏನೇನೋ ಬರೆದುಕೊಳ್ಳುತ್ತಲೇ ಇದ್ದರು.

ಕೊನೆಯ ಇನಿಂಗ್ಸ್. ವಚನಾಳ ತಂಡ ಒಂದು ರನ್ ಮುಂದೆ, ಇನ್ನೊಬ್ಬಳನ್ನು ಔಟ್ ಮಾಡಿದರೆ ಗೆಲುವು. ಹೊಸ ಬ್ಯಾಟರ್ ಬರುತ್ತಿದ್ದಳು. ಬದರಿನಾಥ್ ಬಟ್ಟಲು ಎಣಿಸಿದರು. “ಎಪ್ಪತ್ನಾಲ್ಕು! ಎಪ್ಪತ್ತೈದು ಆಗಿಲ್ಲ, ಇವಳಿಗೂ ವಚನಾನೇ ಎಸೀಬಹುದು.”

ಚಂದ್ರವ್ವನ ಕೈ ತಾನಾಗಿ ಸೆರಗಿನ ತುದಿಗೆ ಹೋಯಿತು. ಅಲ್ಲೊಂದು ಗಂಟು. ಋತುವಿನ ಮೊದಲ ಎಸೆತವೆಂದು ‘ಲಾಭ’ ಅಂದು, ಅದರ ಬೀಜವನ್ನು ದೇವರಿಗೆ ಕಟ್ಟಿಟ್ಟಿದ್ದರು. ಅದು ಬಟ್ಟಲಿಗೆ ಬಿದ್ದೇ ಇರಲಿಲ್ಲ.

ಗಂಟು ಬಿಚ್ಚಿ ಬೀಜ ಹಾಕಿದರು. ಟಣ್ ಎಂದಿತು. “ಎಪ್ಪತ್ತೈದ್ರಿ. ತಪ್ಪು ನಂದು.”

“ಅಯ್ಯೋ, ಅದು ದೇವ್ರದು ಆಂಟಿ! ಒಂದು ಬೀಜ ಯಾರು ಕೇಳ್ತಾರೆ?”

“ದೇವರ ಬೀಜ ಹಿಡಕೊಂಡು ಸುಳ್ಳು ಹೇಳ್ಲೇನು? ತೋಳು ಆಕೀದ ಐತಿ.”

ಸುದ್ದಿ ತಲುಪಿದಾಗ ವಚನಾ ಬೇಲಿಯ ಬಳಿ ಓಡಿಬಂದಳು. “ಅಜ್ಜಿ, ನೋ! ಜಸ್ಟ್ ಒನ್ ಬ್ಯಾಟರ್! ಪ್ಲೀಸ್!”

ಚಂದ್ರವ್ವ ಬಟ್ಟಲನ್ನು ಎತ್ತಿ ತೋರಿಸಿದರು. ಹುಡುಗಿಯ ಕಣ್ಣು ತುಂಬಿತು. ಮೊಣಕೈಯನ್ನೊಮ್ಮೆ ಉಜ್ಜಿಕೊಂಡಳು. ಆಮೇಲೆ ನಡೆದುಹೋಗಿ ಚೆಂಡನ್ನು ಗೆಳತಿ ಗಾನವಿಯ ಅಂಗೈಯಲ್ಲಿಟ್ಟಳು. “ಕೀಪ್ ಇಟ್ ಲೋ,” ಎಂದು ಕಿವಿಯಲ್ಲಿ ಹೇಳಿ ಬೆನ್ನು ತಟ್ಟಿದಳು.

ಗಾನವಿ ಎಸೆದ ಎರಡನೆಯ ಚೆಂಡು ಬ್ಯಾಟಿಗೆ ತಗುಲಿ ಮೇಲೇರಿ, ಸಲೀಸಾಗಿ ಕ್ಯಾಚ್ ಆಯಿತು. ಮೈದಾನದೊಳಗೆ ಎಲ್ಲರಿಗಿಂತ ಮೊದಲು ನುಗ್ಗಿ ಅವಳನ್ನು ಎತ್ತಿಕೊಂಡವಳು ವಚನಾ. ಬೇಲಿಯಾಚೆ ಆ ಹೆಂಗಸಿನ ಪೆನ್ನು ಇನ್ನೂ ನಿಂತಿರಲಿಲ್ಲ.

ಚಂದ್ರವ್ವ ಬೀಜಗಳನ್ನು ಚೀಲಕ್ಕೆ ಸುರಿಯುತ್ತಿದ್ದಾಗ ಬದರಿನಾಥ್ ಹತ್ತಿರ ಬಂದು ದನಿ ತಗ್ಗಿಸಿದರು. “ಆಂಟಿ, ಆ ಸೆಲೆಕ್ಟರ್ ನಮ್ಮ ಆಫೀಸಿನವರೇ. ವಚನಾ ಹೆಸರು ಸ್ವಲ್ಪ ನೆನಪಿಸ್ಲಾ? ನನಗೇನೂ ಕಷ್ಟ ಇಲ್ಲ.”

ಚಂದ್ರವ್ವ ಕೊನೆಯ ಬೀಜವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು.

“ಬ್ಯಾಡ್ರಿ ತಮ್ಮಾ. ಎಪ್ಪತ್ತೈದು ಸಲ ಎಸದಾಳ, ಅವರು ಎಪ್ಪತ್ತೈದೂ ನೋಡ್ಯಾರ. ಮುಂದಿನ ಶನಿವಾರ ಮತ್ತ ನೋಡ್ಲಿ.”