ಅನಿಸಿಕೆ ಪುಸ್ತಕದಲ್ಲಿ ಅವ್ವನ ಮಾತು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ನಾನು ಹೇಳಿಕೊಳ್ಳುತ್ತೇನೆ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಹತ್ತನೇ ತರಗತಿಯವರೆಗೆ ಹೈದರಾಬಾದಿನಲ್ಲೇ ಒಂದು ಕನ್ನಡ ಶಾಲೆ, ಆಮೇಲೆ ಇಂಗ್ಲಿಷಿನಲ್ಲಿ ಬಿ.ಕಾಂ. ಒಂದು ವಿಷಯಕ್ಕೆ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲಕ್ಕೆ ಪಾಸಾದೆ. ಈಗ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಅಪ್ಪ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ಗಂಟು ಹೊತ್ತವನು. ಅವ್ವ ಅದೇ ಬಜಾರಿನ ಅಂಗಡಿಗಳಿಂದ ಸೀರೆ ತಂದು ಫಾಲ್ ಹಚ್ಚಿ ಕೊಟ್ಟವಳು. ಇಬ್ಬರೂ ವಿಜಯಪುರದ ಕಡೆಯವರು, ಇಬ್ಬರಿಗೂ ಓದು ಬರಹ ಇಲ್ಲ.

ಓದು ಬಲ್ಲವರು ಒಬ್ಬರೇ ಇರುವ ಮನೆಯಲ್ಲಿ ಆ ಒಬ್ಬರಿಗೆ ಒಂದು ಗತ್ತು ಬರುತ್ತದೆ. ನನಗೂ ಬಂದಿತ್ತು. ನಮ್ಮ ಓಣಿಯಲ್ಲಿ ನಮ್ಮ ಕಡೆಯ ಎಂಟು ಹತ್ತು ಮನೆಗಳಿದ್ದವು. ಊರಿಗೆ ಕಾಗದ ಬರೆಸಬೇಕೆಂದರೆ ಎಲ್ಲರೂ ನಮ್ಮ ಬಾಗಿಲಿಗೇ ಬರುತ್ತಿದ್ದರು. ನಾನಾಗ ಏಳನೇ ಕ್ಲಾಸು. ಅಜ್ಜಿಯೊಬ್ಬಳು ಬಂದು, "ಆ ಎಮ್ಮಿ ಗಬ್ಬ ಆಗೇತೋ ಇಲ್ಲೋ ಕೇಳು, ಇಲ್ಲಂದ್ರ ಮಾರಿ ಬಿಡು ಅನ್ನು" ಎಂದರೆ ನಾನು "ಎಮ್ಮೆಯ ಯೋಗಕ್ಷೇಮದ ಕುರಿತು ತಿಳಿಸಬೇಕಾಗಿ ವಿನಂತಿ" ಎಂದು ಬರೆಯುತ್ತಿದ್ದೆ. ಓದಿ ಹೇಳಿದರೆ ಅಜ್ಜಿ ಖುಷಿಯಾಗಿ, "ಭಾಳ ಚಂದ ಬರದಿ ನೋಡವ್ವ" ಅನ್ನುತ್ತಿದ್ದಳು. ಊರಿನಲ್ಲಿ ಆ ಕಾಗದ ಓದಿದವರಿಗೆ ಎಮ್ಮೆಯನ್ನು ಮಾರಬೇಕೋ ಬೇಡವೋ ತಿಳಿಯುತ್ತಿತ್ತೋ ಇಲ್ಲವೋ, ನನಗೆ ಆ ಚಿಂತೆ ಇರಲಿಲ್ಲ.

ಈಗ ನಾವಿರುವುದು ಲಿಂಗಂಪಲ್ಲಿಯಲ್ಲಿ, ನನ್ನ ಸಂಬಳದ ಮೇಲೆ ತೆಗೆದುಕೊಂಡ ಎರಡು ಕೋಣೆಯ ಮನೆಯಲ್ಲಿ. ನಗರದ ಕನ್ನಡದವರ ಸಂಘವೊಂದಕ್ಕೆ ನಾನು ಸದಸ್ಯೆ. ಅಲ್ಲಿಗೆ ಒಂದು ಭಾನುವಾರ ಮಧ್ಯಾಹ್ನ ಕರ್ನಾಟಕದಿಂದ ಒಬ್ಬ ಹಾಸ್ಯ ಕಲಾವಿದರು ಬರುವವರಿದ್ದರು. ಎರಡು ತಾಸು ಒಬ್ಬರೇ ಆಡುವ ಆಟ. ಅವರ ತುಣುಕುಗಳನ್ನು ಅವ್ವ ನನ್ನ ಫೋನಿನಲ್ಲಿ ಎಷ್ಟು ಸಲ ನೋಡಿದ್ದಳೆಂದರೆ, ಅವರು ಬಾಯಿ ತೆಗೆಯುವ ಮೊದಲೇ ಮುಂದಿನ ಮಾತನ್ನು ಹೇಳುತ್ತಿದ್ದಳು. "ಈ ಸಲ ಎದುರಿಗೇ ನೋಡೂಣು ಬಾ" ಎಂದೆ. ಅಪ್ಪ ಒಲ್ಲೆ ಅಂದ. "ಕತ್ತಲಿ ಮಾಡಿದ್ರ ನಾ ಗೊರಕಿ ಹೊಡೀತೀನಿ, ನಿಮ್ಮ ಮರ್ಯಾದಿ ಹೊಕ್ಕೈತಿ" ಎಂದು ಮಗ್ಗುಲು ಬದಲಿಸಿದ. ಅವ್ವ ಫಾಲ್ ಹಚ್ಚಿದ ತನ್ನದೇ ಹಸಿರು ಸೀರೆ ಉಟ್ಟು ನನಗಿಂತ ಮೊದಲು ಸ್ಟೇಶನ್ನಿಗೆ ನಡೆದಳು. ಲೋಕಲ್ ಗಾಡಿಯಲ್ಲಿ ನಾಂಪಲ್ಲಿಗೆ ಬಂದು ಇಳಿದೆವು.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಒಂದು ಕುರ್ಚಿ, ಕಲಾವಿದರ ಹೆಗಲ ಮೇಲೆ ಟವೆಲಿನಂಥ ಒಂದು ವಲ್ಲಿ, ಅಷ್ಟೇ. ಆ ವಲ್ಲಿ ತಲೆಗೆ ಸುತ್ತಿದರೆ ಗೌಡ, ಸೊಂಟಕ್ಕೆ ಕಟ್ಟಿದರೆ ಅಡಿಗೆಯವ, ತಲೆಯ ಮೇಲೆ ಸೆರಗಿನಂತೆ ಹೊದ್ದರೆ ಅತ್ತೆ. ಹೈದರಾಬಾದಿಗೆ ಬಂದಿದ್ದಕ್ಕೆ ನಮ್ಮ ಮೇಲೂ ಒಂದಿಷ್ಟು ಸೇರಿಸಿದ್ದರು. "ಇಲ್ಲಿ ನಮ್ಮವರು ಕಾಯಿಪಲ್ಲೆ ತೆಲುಗಿನ್ಯಾಗ ಕೊಳ್ತಾರ, ಆಟೋದವನ ಜೋಡಿ ಹಿಂದಿನ್ಯಾಗ ಜಗಳಾಡ್ತಾರ, ಕಾಲು ಎಡವಿದ್ರ ಮಾತ್ರ ಯವ್ವಾ ಅಂತ ಕನ್ನಡದಾಗ ಒದರ್ತಾರ!" ಎಂದಾಗ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅವ್ವ ನನ್ನ ತೊಡೆಗೆ ಹೊಡೆದ ಏಟಿನ ಉರಿ ಬಹಳ ಹೊತ್ತು ಇತ್ತು.

ಆಟದ ಕೊನೆಗೆ ಒಂದು ಸರ್ಕಾರಿ ಕಚೇರಿಯ ದೃಶ್ಯ. ಗುಮಾಸ್ತನೂ ಅವರೇ, ಸಾಲಿನಲ್ಲಿ ನಿಂತವರೂ ಅವರೇ. ಕಡೆಗೆ ಹಳ್ಳಿಯ ಹೆಂಗಸೊಬ್ಬಳು ಬರುತ್ತಾಳೆ. ಸಹಿ ಮಾಡು ಅಂದರೆ ಹೆದರಿ, ಕುಗ್ಗಿ, ತಲೆ ಎದೆಗೆ ಹತ್ತುವಷ್ಟು ಬಗ್ಗಿಸಿ ಹೆಬ್ಬೆಟ್ಟು ಒತ್ತುತ್ತಾಳೆ. ಮಸಿಯ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಗುಮಾಸ್ತನ ಅಂಗಿಗೇ ಒರೆಸುತ್ತಾಳೆ. ಜನ ನಕ್ಕರು. ನಾನೂ ನಕ್ಕೆ. ಅವ್ವ ನಗಲಿಲ್ಲ. ದಣಿದಿರಬೇಕು ಅಂದುಕೊಂಡೆ.

ನಮ್ಮ ಸಂಘದಲ್ಲಿ ಒಂದು ರೂಢಿ ಇದೆ. ಆಟ ಮುಗಿದ ಮೇಲೆ ಚುರಮುರಿ ಸೂಸಲ, ಮಿರ್ಚಿ, ಚಹಾ. ಎಲ್ಲರೂ ತಿನ್ನುತ್ತಿರುವಾಗ ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕ ಕೈಯಿಂದ ಕೈಗೆ ಸುತ್ತುತ್ತದೆ. ಬೇಕಾದವರು ಅದರಲ್ಲಿ ತಮ್ಮ ಅನಿಸಿಕೆ ಬರೆಯಬೇಕು. ಆಮೇಲೆ ಕಲಾವಿದರನ್ನು ಕುರ್ಚಿಯಲ್ಲಿ ಕೂರಿಸಿ ಕಾರ್ಯದರ್ಶಿಗಳು ಐದಾರನ್ನು ಗಟ್ಟಿಯಾಗಿ ಓದುತ್ತಾರೆ. ಕಾರ್ಯದರ್ಶಿಗಳು ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಭಾಳ ಶಿಸ್ತು. "ಚಲೋ ಇತ್ತು ಅಂತ ಒಂದ ಸಾಲು ಬರದು ಕೈ ತೊಳಕೋಬ್ಯಾಡ್ರಿ. ಏನ್ ಚಲೋ ಇತ್ತು, ಅದನ್ನ ಬರೀರಿ" ಎಂದು ಪ್ರತಿ ಸಲ ಹೇಳುತ್ತಾರೆ.

ಪುಸ್ತಕ ನನ್ನ ಕೈಗೆ ಬಂತು. ನಾನು ಪೆನ್ನು ತೆಗೆಯುವಷ್ಟರಲ್ಲಿ ಅವ್ವ, "ನಂದೂ ಬರಿ" ಅಂದಳು.

"ನಿಂದಾ?"

"ಯಾಕ, ನಾ ನೋಡಿಲ್ಲೇನು? ನೀ ಕುಂತ ಕುರ್ಚಿ ಬಾಜೂಕ ಕುಂತ ನೋಡೇನಿ."

ಹೇಳು ಎಂದೆ. ಅವ್ವ ತಟ್ಟೆಯನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಸಾಕ್ಷಿ ಹೇಳುವವರ ಹಾಗೆ ಹೇಳಿದಳು. "ನಕ್ಕು ನಕ್ಕು ಹೊಟ್ಟಿ ಹುಣ್ಣಾತು. ಆಟೋದವನ ಜಗಳ ನಮ್ಮ ಮನೀ ಮುಂದಿಂದ ಹಂಗ ಇತ್ತು. ಖರೆ, ಆ ಹೆಬ್ಬೆಟ್ಟಿನ ಹೆಣಮಗಳು ಸುಳ್ಳು. ಹೆಬ್ಬೆಟ್ಟು ಒತ್ತಾಕಿ ತೆಲಿ ಬಗ್ಗಸೂದಿಲ್ಲ. ಎದುರಿಗೆ ಕುಂತವನ ಮಾರಿ ನೋಡ್ತಾಳ, ನಗಾಕತ್ತಾನೋ ಏನು ಅಂತ."

ನಾನು ಬರೆದದ್ದು ಇದು: "ಕಲಾವಿದರ ಅಭಿನಯ ಮನೋಜ್ಞವಾಗಿತ್ತು. ಎಲ್ಲ ಪಾತ್ರಗಳೂ ಸಹಜವಾಗಿ ಮೂಡಿಬಂದವು. ಕನ್ನಡಾಂಬೆಯ ಸೇವೆಯನ್ನು ಹೀಗೆಯೇ ಮುಂದುವರಿಸಲೆಂದು ಹಾರೈಸುವೆ." ಕೆಳಗೆ ಅವ್ವನ ಹೆಸರು ಬರೆದೆ.

ಯಾಕೆ ಹಾಗೆ ಬರೆದೆ ಎಂದು ಈಗ ಕೇಳಿದರೆ ನೆಟ್ಟಗೆ ಹೇಳಿಬಿಡುತ್ತೇನೆ. ಅಷ್ಟು ದೂರದಿಂದ ಬಂದ ಅತಿಥಿಗೆ ಎಲ್ಲರೆದುರು ತಪ್ಪು ತೋರಿಸಬಾರದು ಅನ್ನುವುದು ಒಂದು. ಅವ್ವನೂ ನನ್ನ ಹಾಗೆ ಓದಿದವಳು ಅಂತ ಆ ಸಭಾಂಗಣಕ್ಕೆ ಅನಿಸಲಿ ಅನ್ನುವುದು ಇನ್ನೊಂದು. ಎರಡನೆಯದೇ ದೊಡ್ಡ ಕಾರಣ. ಅಲ್ಲಿ ನನ್ನ ಆಫೀಸಿನವರೂ ಇದ್ದರು.

ಓದು ಶುರುವಾಯಿತು. ನನ್ನ ಪಕ್ಕದ ಮೇಜಿನಲ್ಲೇ ಕೂರುವ ಮೈಸೂರಿನ ಸಹೋದ್ಯೋಗಿ ಬರೆದದ್ದು ಮೊದಲು ಬಂತು. "ನಿಮ್ಮ ಉತ್ತರ ಕರ್ನಾಟಕದ ಭಾಷೆ ನನಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಹೆಂಡತಿ ನಕ್ಕಾಗ ನಕ್ಕೆ." ಚಪ್ಪಾಳೆ ಬಿತ್ತು. ಇನ್ನೂ ಒಂದೆರಡಾದ ಮೇಲೆ ಕಾರ್ಯದರ್ಶಿಗಳು ಅವ್ವನ ಹೆಸರು ಓದಿದರು. ನಾನು ಬರೆದ ಮೂರು ಸಾಲುಗಳನ್ನು ಆಕಾಶವಾಣಿಯಲ್ಲಿ ಓದಿದಂತೆ ಓದಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಕಲಾವಿದರು ಎದ್ದು ನಿಂತು ಅವ್ವನ ಕಡೆಗೆ ಕೈ ಮುಗಿದರು.

ಅವ್ವ ಕೈ ಮುಗಿಯಲಿಲ್ಲ. "ಯಪ್ಪಾ, ಅದು ನಂದಲ್ಲ" ಅಂದಳು.

ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡರು. "ಅಮ್ಮಾರ, ಇಲ್ಲಿ ನಿಮ್ಮ ಹೆಸರ ಐತಲ್ರಿ."

"ಹೆಸರು ನಂದ ಐತ್ರಿ. ಮಾತು ಬ್ಯಾರೇದವರದು. ಮನೋಜ್ಞ ಅಂದ್ರ ಏನ್ರಿ?"

ಎಲ್ಲರೂ ನಕ್ಕರು. ಕಲಾವಿದರು ಎಲ್ಲರಿಗಿಂತ ಹೆಚ್ಚು ನಕ್ಕರು. "ನನಗೂ ಪಕ್ಕಾ ಗೊತ್ತಿಲ್ರೀ ಯವ್ವಾ. ಆಗಲಿಂದ ಕೈ ಮುಗಿಯಾಕತ್ತೀನಿ. ನಿಮ್ಮ ಮಾತು ಏನು, ಅದನ್ನ ಹೇಳ್ರಿ."

"ಆಕಿ ಹೇಳ್ತಾಳ" ಎಂದು ಅವ್ವ ನನ್ನತ್ತ ಬೆರಳು ತೋರಿಸಿದಳು. "ಆಕಿಗೆ ಹೇಳೇನಿ. ಹೆಂಗ ಹೇಳೇನಿ ಹಂಗ ಹೇಳಲಿ."

ಅವ್ವನಿಗೆ ವಯಸ್ಸಾಗಿದೆ, ಏನೋ ಅಂತಾಳೆ ಎಂದು ನಕ್ಕುಬಿಟ್ಟರೆ ಮುಗಿಯುತ್ತಿತ್ತು. ಎಲ್ಲರೂ ನಂಬುತ್ತಿದ್ದರು. ಯಾಕೆಂದರೆ ಡಿಗ್ರಿ ಇರುವವಳು ನಾನು. ಅವ್ವ ನನ್ನನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ, ಕಾದು. ನಾನು ಎದ್ದು ನಿಂತೆ. "ತಪ್ಪು ನನ್ನದ್ರಿ. ಅವ್ವ ಹೇಳಿದ್ದನ್ನ ನಾನು ಬರೀಲಿಲ್ಲ" ಎಂದೆ. ಆಮೇಲೆ ಹೊಟ್ಟೆ ಹುಣ್ಣಾದದ್ದರಿಂದ ಹಿಡಿದು ಹೆಬ್ಬೆಟ್ಟಿನ ಹೆಣ್ಣುಮಗಳು ಸುಳ್ಳು ಅನ್ನುವವರೆಗೆ ಅವ್ವನ ಮಾತಿನಲ್ಲೇ ಹೇಳಿದೆ. ಒಂದು ಪದವನ್ನೂ ಇಸ್ತ್ರಿ ಮಾಡಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಲಾವಿದರು ಕುರ್ಚಿಯ ತುದಿಗೆ ಬಂದು ಕೂತರು. "ಯವ್ವಾ, ನಾ ಕಣ್ಣಾರೆ ನೋಡೇನ್ರಿ. ನಮ್ಮ ತಾಲೂಕಾ ಕಚೇರ್ಯಾಗ ಹೆಣಮಕ್ಕಳು ತೆಲಿ ಬಗ್ಗಿಸಿಕೊಂಡ ನಿಂತಿರ್ತಾರ."

"ನಿಂತಾಗ ಬಗ್ಗಿಸಿರಬೋದು. ಒತ್ತೂ ಮುಂದ ಬಗ್ಗಸೂದಿಲ್ಲ. ನಾ ಒತ್ತೇನಿ, ನೀವು ಒತ್ತಿಲ್ಲ. ಇಕಿನ್ನ ಕಾಲೇಜಿಗೆ ಹಚ್ಚೂ ಮುಂದ ಫಾರಮ್ಮಿಗೆ ಒತ್ತೇನಿ. ಅವತ್ತ ತೆಲಿ ಬಗ್ಗಿಸಿದಾಕಿ ಇಕಿ!"

ಮತ್ತೆ ನಗು. ನಾನೂ ನಕ್ಕೆ. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಮಸಿಯ ಡಬ್ಬಿ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವ್ವನ ಹೆಬ್ಬೆರಳು, ಪಾಲಕರ ಸಹಿ ಎಂದು ಬರೆದ ಗೆರೆ, ಎಲ್ಲವೂ. ಅವ್ವನ ಮುಖ ಮಾತ್ರ ನೆನಪಿರಲಿಲ್ಲ. ಹೇಗೆ ನೆನಪಿರಬೇಕು? ನಾನು ನೆಲ ನೋಡುತ್ತಿದ್ದೆ. ಅವ್ವನೂ ನೆಲವನ್ನೇ ನೋಡುತ್ತಿದ್ದಳು ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆ.

"ಆ ಕಾಲೇಜಿನ ಗುಮಾಸ್ತ ನಕ್ಕಿದ್ರ ಏನ್ ಮಾಡ್ತಿದ್ರಿ?" ಎಂದು ಕಲಾವಿದರು ಕೇಳಿದರು.

"ಫಾರಂ ಕಸಗೊಂಡು ಬ್ಯಾರೆ ಕಾಲೇಜಿಗೆ ಹೊಕ್ಕಿದ್ದೆ. ಅದೊಂದ ಕಾಲೇಜ ಏನ್ ಹೈದರಾಬಾದಿನ್ಯಾಗ?"

"ನಕ್ಕನೇನ್ರಿ?"

"ಎಲ್ಲಿ ನಗ್ತಾನ! ಹೆದರಿದ."

ಕಲಾವಿದರು ಎದ್ದು ಬಂದರು. "ತೋರಸ್ರಿ ನನಗ" ಎಂದರು. ಒಂದು ಮೇಜು ಎಳೆದರು. ಕಾರ್ಯದರ್ಶಿಗಳನ್ನೇ ಗುಮಾಸ್ತನಾಗಿ ಕೂರಿಸಿ, ಅನಿಸಿಕೆ ಪುಸ್ತಕವನ್ನೇ ರಿಜಿಸ್ಟರ್ ಮಾಡಿದರು. ಅವ್ವ ನಾಚಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗಿ, ಬೆರಳನ್ನು ಎಲ್ಲಿಡಬೇಕೆಂದು ಒಂದೇ ಸಲ ನೋಡಿಕೊಂಡು, ಒತ್ತುವಾಗ ಮುಖ ಎತ್ತಿ ಕಾರ್ಯದರ್ಶಿಗಳನ್ನು ನೋಡಿದಳು. ಬ್ಯಾಂಕಿನಲ್ಲಿ ಅಷ್ಟು ವರ್ಷ ಎಷ್ಟೋ ಹೆಬ್ಬೆಟ್ಟು ಹಾಕಿಸಿಕೊಂಡವರು ಅವರು. ಆ ನೋಟಕ್ಕೆ ಅವರು ಕಿಟಕಿಯ ಕಡೆ ತಿರುಗಿದರು.

ಕಲಾವಿದರು ವಲ್ಲಿಯನ್ನು ಸೆರಗಿನಂತೆ ಹೊದ್ದು ಮಾಡಿದರು. ಅವ್ವ ಒಪ್ಪಲಿಲ್ಲ. "ಅಷ್ಟ ಕಣ್ಣ ಕಿಸೀಬ್ಯಾಡ್ರಿ. ಅದು ಸಿಟ್ಟಲ್ಲ." ಎರಡನೇ ಸಲ ಮಾಡಿದರು. "ಅಳೂ ಮಾರಿ ಯಾಕ? ನಾವೇನ ಅಳಾಕ ಬಂದೀವೇನು? ಕೆಲಸಕ್ಕ ಬಂದೀವಿ." ಮೂರನೇ ಸಲಕ್ಕೆ ಅವರು ಸುಮ್ಮನೆ ನೋಡಿದರು, ಒತ್ತಿದರು, ಆಮೇಲೂ ನೋಡುತ್ತಲೇ ನಿಂತರು. ಎದುರಿಗೆ ಕೂತ ಕಾರ್ಯದರ್ಶಿಗಳು ಚಡಪಡಿಸಿ ಇಲ್ಲದ ಫೈಲನ್ನು ಹುಡುಕತೊಡಗಿದರು. ಜನ ಆಟದಲ್ಲಿ ನಕ್ಕಿದ್ದಕ್ಕಿಂತ ಹೆಚ್ಚು ನಕ್ಕರು. ಈ ಸಲ ನಕ್ಕಿದ್ದು ಗುಮಾಸ್ತನನ್ನು ನೋಡಿ.

"ಹಾಂ, ಈಗ ಬಂತು" ಎಂದು ಅವ್ವ ತನ್ನ ತಟ್ಟೆಯ ಹತ್ತಿರ ಹೋದಳು. ಮಿರ್ಚಿ ಆರಿಹೋಗಿತ್ತು.

ನಾನು ಪುಸ್ತಕ ಕೇಳಿದೆ. ಮೊದಲು ಬರೆದದ್ದಕ್ಕೆ ಕಾಟು ಹೊಡೆಯಲು ಕಾರ್ಯದರ್ಶಿಗಳು ಬಿಡಲಿಲ್ಲ. "ಅದು ಹಂಗ ಇರ್ಲಿ, ಕೆಳಗ ಬರೀರಿ. ಎರಡೂ ಇರ್ಲಿ" ಅಂದರು. ಕೆಳಗೆ ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಮೂರು ಸಾಲು ಬರೆಯಲು ಕಾಲು ತಾಸು ಹಿಡಿಯಿತು. ಶಾಲೆಯಲ್ಲಿ ಕಲಿತ ಕೈ, ಮನೆಯ ಮಾತು ಬರೆಯಲು ಪ್ರತಿ ಪದಕ್ಕೂ ತಡವರಿಸುತ್ತಿತ್ತು. ನನ್ನ ಡಿಗ್ರಿಯ ಹೆಮ್ಮೆ ಅವತ್ತು ಒಂದಿಷ್ಟೂ ಕಡಿಮೆಯಾಗಲಿಲ್ಲ. ಅದು ಯಾರ ನೋಟದ ಕೆಳಗೆ ನಡೆದು ಬಂದ ಡಿಗ್ರಿ ಅನ್ನುವುದು ಗೊತ್ತಾಗಿ ಇನ್ನೂ ಹೆಚ್ಚಾಯಿತು. ಕಲಾವಿದರು ಸಂಜೆಯ ಗಾಡಿಗೆ ಹೊರಡುವ ಮುಂಚೆ ಆ ಪುಟದ ಫೋಟೋ ತೆಗೆದುಕೊಂಡರು. ಮರುದಿನ ಕ್ಯಾಂಟೀನಿನಲ್ಲಿ ಮೈಸೂರಿನ ಸಹೋದ್ಯೋಗಿ, "ಇವರ ತಾಯಿಯವರು ನಿನ್ನೆ..." ಎಂದು ಶುರು ಮಾಡಿದಾಗ ನಾನು ತಡೆಯಲಿಲ್ಲ. ಅವರು ಬಿಟ್ಟುಬಿಟ್ಟದ್ದನ್ನು ನಡುನಡುವೆ ಸೇರಿಸಿದೆ ಕೂಡ.

ಆ ಭಾನುವಾರ ಸಂಜೆ ವಾಪಸಾಗುವಾಗ ಲೋಕಲ್ ಗಾಡಿಯಲ್ಲಿ ಅವ್ವನಿಗೆ ಕಿಟಕಿ ಸಿಕ್ಕಿತು. ನಾಲ್ಕು ಸ್ಟೇಶನ್ ದಾಟುವವರೆಗೆ ಹೊರಗೆ ನೋಡುತ್ತಾ ಕೂತಳು. ಬೈಯುತ್ತಾಳೆ ಅಂದುಕೊಂಡು ಕಾಯುತ್ತಿದ್ದೆ.

"ಆ ಅತ್ತಿ ಪಾರ್ಟ್ ಐತಲ್ಲ," ಅಂದಳು, "ಅದರಾಗೂ ಒಂದು ತಪ್ಪೈತಿ."

"ಅಲ್ಲೇ ಹೇಳಬೇಕಿಲ್ಲೇನವ್ವಾ?"

"ಬಂದ ಮನಿಷ್ಯಾಗ ಒಂದ ದಿನಕ್ಕ ಎಷ್ಟಂತ ಹೇಳೂದು? ಗಾಡಿ ತಪ್ಪತಿತ್ತು ಅವಂದು. ನೀ ಈಗ ಬರಕೋ, ಮರತ ಹೋದೀತು."

ಫೋನು ತೆಗೆದೆ. ಅವ್ವ ಹೇಳತೊಡಗಿದಳು. ಎದುರು ಸೀಟಿನ ಹೆಂಗಸು ಕನ್ನಡ ಬರದಿದ್ದರೂ ಅವ್ವನ ಕೈ ಬಾಯಿ ನೋಡಿ ನಗತೊಡಗಿದಳು. ನಾನು ಒಂದೊಂದೇ ಪದ ಒತ್ತುತ್ತಾ, ಸಾಲು ಮುಗಿದಾಗಲೆಲ್ಲ ಅವಳಿಗೆ ಓದಿ ಹೇಳುತ್ತಾ ಹೋದೆ.