ಎಂಟನೇ ಫಾರಂ ಓದದ ರಾಧಾಮಣಿ

ಬೆಳಗಿನ ಆರೂಕಾಲು. ಯಶವಂತಪುರ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತರಕಾರಿ ಮೂಟೆ ಇಳಿಸುವವರ ಕೂಗಾಟ ಇನ್ನೂ ಮುಗಿದಿಲ್ಲ. ಸುಬ್ರಮಣಿಯವರ ಬೈಂಡಿಂಗ್ ಅಂಗಡಿಯ ಷಟರ್ ಮಾತ್ರ ಆಗಲೇ ಅರ್ಧ ಮೇಲೆದ್ದಿದೆ. ಒಳಗೆ ಉದ್ದನೆಯ ಮೇಜಿನ ಸುತ್ತ ಐವತ್ತೊಂದು ವರ್ಷದ ರಾಧಾಮಣಿ ಸುಮ್ಮನೆ ಸುತ್ತುತ್ತಿದ್ದಾರೆ. ಕೈಯಲ್ಲಿ ಕೆಲಸವಿಲ್ಲ. ಮೂವತ್ತನಾಲ್ಕು ವರ್ಷಗಳಲ್ಲಿ ಅವರು ಈ ಮೇಜಿನ ಬಳಿ ಬರಿಗೈಯಲ್ಲಿ ನಿಂತದ್ದನ್ನು ಯಾರೂ ಕಂಡಿಲ್ಲ.

ಮೇಜಿನ ಮೇಲೆ ಹನ್ನೆರಡು ಕಟ್ಟುಗಳಿವೆ. ಪ್ರೆಸ್ಸಿನಿಂದ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಚಿದರೆ ಹದಿನಾರು ಪುಟ. ಅದಕ್ಕೆ ಇಲ್ಲಿ ಫಾರಂ ಅನ್ನುತ್ತಾರೆ. ಒಂದರಿಂದ ಹನ್ನೆರಡರವರೆಗೆ ಫಾರಂಗಳನ್ನು ಜೋಡಿಸಿ, ಹೊಲಿದು, ರಟ್ಟು ಅಂಟಿಸಿದರೆ ಒಂದು ಕಾದಂಬರಿ. ಈ ಕಾದಂಬರಿಯ ಆರುನೂರು ಪ್ರತಿಗಳು ಹತ್ತೊಂಬತ್ತು ದಿನಗಳಿಂದ ಜೋಡಣೆಯಿಲ್ಲದೆ ಬಿದ್ದಿವೆ. ನಿಲ್ಲಿಸಿದ್ದು ರಾಧಾಮಣಿಯವರ ಒಂದು ಮಾತು. ಆ ಮಾತನ್ನು ನಂಬಿ ಲೇಖಕಿ ಕೊನೆಯ ನಾಲ್ಕು ಫಾರಂಗಳನ್ನು ರದ್ದಿಗೆ ಹಾಕಲು ನಿರ್ಧರಿಸಿ, ಹೊಸದಾಗಿ ಬರೆದುಕೊಂಡು ಇವತ್ತು ಒಂಬತ್ತು ಗಂಟೆಗೆ ಬರುತ್ತಿದ್ದಾರೆ.

ಆ ಮಾತು ತಪ್ಪಾಗಿತ್ತು. ನಿನ್ನೆ ಸಂಜೆ ಅದು ಗೊತ್ತಾದಾಗಿನಿಂದ ರಾಧಾಮಣಿಯವರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಹೀಗೆ ಹೇಳಿದರೆ ಓದುಗರು ಕೇಳಬಹುದು, ಹಾಳೆ ಮಡಿಚುವ ಹೆಂಗಸಿನ ಮಾತಿಗೆ ಬರೆಯುವವರು ಯಾಕೆ ಬೆಲೆ ಕೊಡಬೇಕು ಎಂದು. ಬೆಲೆ ಕೊಡುತ್ತಾರೆ. ಉತ್ತರ ಬೆಂಗಳೂರಿನ ಮೂರು ನಾಲ್ಕು ಸಣ್ಣ ಪ್ರಕಾಶಕರು ಬಿಡುಗಡೆಗೆ ಮುಂಚೆ ಸುಬ್ರಮಣಿಯವರಿಗೆ ಫೋನ್ ಮಾಡಿ, ಕೆಲಸ ಎಲ್ಲಿಗೆ ಬಂತು ಎಂದು ಕೇಳಿದ ಉಸಿರಿನಲ್ಲೇ ರಾಧಾಮಣಿ ಏನಂದರು ಎಂದೂ ಕೇಳುತ್ತಾರೆ. ಮುನ್ನುಡಿ ಬರೆಯುವವರು ಹೊಗಳಿಯೇ ಹೊಗಳುತ್ತಾರೆ, ವೇದಿಕೆಯ ಮೇಲಿನವರು ಪುಸ್ತಕವನ್ನು ತಿರುವಿ ಹಾಕಿದ್ದರೆ ಅದೇ ಪುಣ್ಯ. ಬಿಡುಗಡೆಗೆ ಮುಂಚೆ ಪುಸ್ತಕವನ್ನು ನಿಜವಾಗಿ ಓದಿರುವವರು ಈ ಓಣಿಯಲ್ಲಿದ್ದಾರೆ ಎಂಬುದು ಆ ಪ್ರಕಾಶಕರಿಗೆ ಗೊತ್ತು.

ರಾಧಾಮಣಿ ಸೋಲದೇವನಹಳ್ಳಿಯವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರು. ಹದಿನೇಳಕ್ಕೆ ಸುಬ್ರಮಣಿಯವರ ತಂದೆ ಕೆಲಸಕ್ಕೆ ಸೇರಿಸಿಕೊಂಡರು. ಬೆಳಗಿನ ಮೊದಲ ಬಸ್ಸು, ಸಂಜೆ ಆರರ ಬಸ್ಸು, ನಡುವೆ ದಿನಕ್ಕೆ ಎರಡು ಸಾವಿರ ಫಾರಂ. ಬಿದಿರಿನ ಪಟ್ಟಿ ಹಿಡಿದು ಮಡಿಕೆ ತೀಡಿ ತೀಡಿ ಬಲಗೈ ಹೆಬ್ಬೆರಳಿನ ಗೆರೆಗಳು ಅಳಿಸಿಹೋಗಿವೆ. ಪಡಿತರ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುವುದಿಲ್ಲ. ಗಂಡ ಗೋಪಿ ಮಂಡಿನೋವಿನಿಂದ ಗಾರೆ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಹೆಂಡತಿ ತಂದ ಹಾಳೆ ಓದುವಾಗ ಅನ್ನಕ್ಕೆ ನೀರಿಡುವುದು ಅವರೇ.

ಹಾಳೆ ತರುವುದಕ್ಕೂ ಒಂದು ಪದ್ಧತಿ ಇದೆ. ಅಚ್ಚಿನ ಮಸಿ ಹದಕ್ಕೆ ಬರುವವರೆಗೆ ಬೀಳುವ ಮೊದಲ ಹಾಳೆಗಳು ಲೆಕ್ಕಕ್ಕಿಲ್ಲ. ಪ್ರೆಸ್ಸಿನವರು ಅವನ್ನು ಪ್ರತಿ ಕಟ್ಟಿನ ಮೇಲೆ ಕೆಳಗೆ ಹೊದಿಸಿ ಕಳಿಸುತ್ತಾರೆ. ಒಳ್ಳೆಯ ಹಾಳೆಯನ್ನು ಯಾರೂ ಮುಟ್ಟುವಂತಿಲ್ಲ, ಈ ವೇಸ್ಟ್ ಹಾಳೆ ಮಾತ್ರ ರಾಧಾಮಣಿಯವರ ಪಾಲು. ಅದನ್ನು ಮಡಿಚಿ, ಅಂಚು ಸೀಳಿ, ಬಸ್ಸಿನಲ್ಲಿ ಓದುತ್ತಾರೆ. ಕಟ್ಟು ಯಾವ ಕ್ರಮದಲ್ಲಿ ಬಂದರೆ ಕಥೆಯೂ ಆ ಕ್ರಮದಲ್ಲಿ. ಎಷ್ಟೋ ಕಾದಂಬರಿಗಳಲ್ಲಿ ಮದುವೆಗೆ ಮುಂಚೆ ಮೊಮ್ಮಕ್ಕಳನ್ನು ನೋಡಿದ್ದಾರೆ.

"ತಲೆಕೆಳಗಾಗಿ ಓದಿದ್ರೇ ಗೊತ್ತಾಗೋದು," ಅನ್ನುತ್ತಾರೆ, ಪತ್ರಿಕೆಯ ಪುರವಣಿಗೆ ತಮ್ಮ ಬಗ್ಗೆ ಬರೆಯಲು ಬಂದವರಿಗೆ, ಮೇಜಿನ ಇನ್ನೊಂದು ತುದಿಗೆ ಹೋಗುತ್ತಾ. "ಮುಂದೇನಾಯ್ತು ಅನ್ನೋ ಆಸೆ ಇರಲ್ವಲ್ಲ. ಬರ್ದಿರೋದು ಎಂಗೈತೆ ಅಂತ ಅಷ್ಟೇ ಕಾಣೋದು."

ಕಾಣುವುದನ್ನು ಅವರು ಮುಚ್ಚಿಡುವುದಿಲ್ಲ. ಕಳೆದ ತಿಂಗಳು ಬಂದ ಒಂದು ಕಥಾಸಂಕಲನದ ಬಗ್ಗೆ: "ಒಂಬತ್ತು ಕಥೆ, ಒಂಬತ್ತರಲ್ಲೂ ಕೊನೇಗೆ ಯಾರೋ ಸಾಯ್ತಾರೆ. ಮುಗ್ಸಕ್ಕೆ ಬರದಿದ್ರೆ ಸಾಯ್ಸೋದಾ?" ಪ್ರಶಸ್ತಿಯ ಸುದ್ದಿಯಲ್ಲಿದ್ದ ಕವಿಯೊಬ್ಬರ ಬಗ್ಗೆ: "ಐದು ಫಾರಂನಲ್ಲಿ ಅದಿನೇಳು ಸಲ ಚಂದ್ರ ಬಂದವ್ನೆ. ನಮ್ಮೂರಲ್ಲಿ ಇರೋದು ಒಬ್ನೇ." ಒಟ್ಟಾರೆ ಹೊಸ ಕವಿತೆಯ ಬಗ್ಗೆ ಕೇಳಿದರೆ ಸ್ವಲ್ಪ ಯೋಚಿಸಿ ಹೇಳುತ್ತಾರೆ: "ಪದ್ಯದ ಪುಸ್ತಕದಲ್ಲಿ ಅರ್ಧ ಆಳೆ ಬಿಳೀದೇ. ಬಿಡ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಬರ್ದಿದ್ದು ಆ ಬಿಳೀಗಿಂತ ಚೆನ್ನಾಗಿರ್ಬೇಕಲ್ವಾ?"

ಮೆಚ್ಚಿದ್ದೂ ಉಂಟು. ಹೊಸಬಳೊಬ್ಬಳ ಮೊದಲ ಸಂಕಲನದ ಮೂರನೇ ಫಾರಂ ಅವರ ಚೀಲದಲ್ಲಿ ಎರಡು ವರ್ಷಗಳಿಂದ ಇದೆ. "ಆ ಉಡುಗಿ ಈರುಳ್ಳಿ ಸುಲಿಯೋದು ಬರ್ದವ್ಳೆ. ಅಳೋದು ಎಲ್ಲೂ ಬರ್ದಿಲ್ಲ. ಓದಿ ಅತ್ತಿದ್ದು ನಾನು."

ಇಂಥವರ ಬಾಯಿಗೆ ಸಿಕ್ಕಿದ್ದು ಪ್ರತಿಭಾ ಅವರ ಕಾದಂಬರಿ. ಪ್ರತಿಭಾ ಸಂಜಯನಗರದಲ್ಲಿರುವ ಶಾಲಾ ಶಿಕ್ಷಕಿ, ಇದು ಅವರ ಮೊದಲ ಪುಸ್ತಕ. ಪುಸ್ತಕಕ್ಕಿನ್ನೂ ರಟ್ಟು ಕಟ್ಟಿಲ್ಲದ ಕಾರಣ ಹೆಸರು ಇಲ್ಲಿ ಬೇಡ. ಕಥೆ ಇಬ್ಬರು ಅಕ್ಕತಂಗಿಯರದು. ಅಕ್ಕ ಇಪ್ಪತ್ತು ವರ್ಷ ತಂಗಿಯ ಮುಖ ನೋಡಿಲ್ಲ. ಏಳನೇ ಫಾರಂನಲ್ಲಿ ತಂಗಿ ಬಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಒಂಬತ್ತನೇ ಫಾರಂನಲ್ಲಿ ನೋಡಿದರೆ ಅದೇ ತಂಗಿಯನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಾಳೆ.

ನಡುವಿನ ಎಂಟನೆಯದನ್ನು ರಾಧಾಮಣಿ ಓದಿರಲಿಲ್ಲ. ಅದು ಮಡಿಕೆಗೆ ಬಂದ ದಿನ ಅವರು ಚಿಕ್ಕಜಾಲದಲ್ಲಿ ನಾದಿನಿಯ ಮಗಳ ಮದುವೆಯಲ್ಲಿದ್ದರು. ಮಡಿಚಿದ್ದು ಜೊತೆ ಕೆಲಸದ ಮಲ್ಕಾ. ಆಕೆಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ವೇಸ್ಟ್ ಹಾಳೆಯನ್ನು ಅಂಟಿನ ಡಬ್ಬದ ಕೆಳಗೆ ಹಾಸಿಬಿಟ್ಟಿದ್ದರು. ಮಾರನೇ ದಿನ ರಾಧಾಮಣಿ ಹುಡುಕಿದರು, ಸಿಗಲಿಲ್ಲ, ಬಿಟ್ಟರು. ಆ ಸಂಜೆಯೇ ಪ್ರತಿಭಾ ಅಂಗಡಿಗೆ ಬಂದು, ಇವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, "ನೀವು ಓದಿದ್ರಂತೆ. ಮುಚ್ಚುಮರೆ ಬೇಡ, ಹೇಳಿ," ಅಂದರು.

ಬರೆದವರು ತಾವಾಗಿ ಬಂದು ಎದುರು ಕೂತು ಕೇಳಿದ್ದು ಅದೇ ಮೊದಲು. ರಾಧಾಮಣಿಯವರಿಗೆ ಒಂದಿಷ್ಟು ತಲೆ ತಿರುಗಿತು ಅಂದರೆ ಸುಳ್ಳಲ್ಲ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು, ಹನ್ನೊಂದು ಫಾರಂ ಓದಿದವಳಿಗೆ ಇನ್ನೊಂದು ಯಾವ ಲೆಕ್ಕ ಅನ್ನಿಸಿತು.

"ಇಪ್ಪತ್ತು ವರ್ಷದ ಸಿಟ್ಟು ಇಷ್ಟು ಬೇಗ ಕರಗಲ್ಲ ಮೇಡಂ ಅಂದೆ. ಅಕ್ಕ ಕ್ಷಮಿಸಿದ್ದು ಸುಳ್ಳು, ನೀವು ಮುಗ್ಸಕ್ಕೆ ಅರ್ಜೆಂಟ್ ಮಾಡಿದೀರ ಅಂದೆ. ಆಯಮ್ಮನ ಮುಖ ಸಣ್ಣಗಾಯ್ತು. ಎಂಟನೇದು ಓದಿಲ್ಲ ಅಂತ ಒಂದು ಮಾತು ಏಳ್ಬೋದಿತ್ತು. ಏಳ್ಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನೆ ಸಂಜೆ ಡಬ್ಬ ಎತ್ತಿದಾಗ ಹಾಳೆ ಕಣ್ಣಿಗೆ ಬಿತ್ತು. ಅಂಟಿನ ಕಲೆ ಬಿಟ್ಟು ಉಳಿದದ್ದನ್ನು ನಿಂತಲ್ಲೇ ಓದಿದರು. ಕಲೆಯ ಕೆಳಗಿನದಕ್ಕೆ ಒಳ್ಳೆಯ ಕಟ್ಟಿನಿಂದಲೇ ಒಂದನ್ನು ಎತ್ತಿಕೊಂಡರು, ಮೊದಲ ಸಲ ನಿಯಮ ಮುರಿದು. ಎಂಟನೇ ಫಾರಂನಲ್ಲಿ ತಂಗಿ ಜ್ವರದಿಂದ ಎದ್ದಿದ್ದಾಳೆ, ಜಡೆ ಗಂಟುಗಟ್ಟಿದೆ, ಬಿಡಿಸುವವರಿಲ್ಲ. ಅಕ್ಕ ಬರುತ್ತಾಳೆ. ಪಕ್ಕದ ಮನೆಯವಳು ರಾಜಿಯಾಯಿತೇ ಎಂದು ಕೇಳಿದರೆ ಅಕ್ಕ ಹೇಳುವುದು ಇಷ್ಟು: ಮಾತು ಬಿಟ್ಟಿದ್ದೀನಿ, ತಲೆ ಬಾಚಲ್ಲ ಅಂತ ಯಾವತ್ತೂ ಹೇಳಿಲ್ಲ.

"ಕ್ಷಮಿಸೇ ಇಲ್ಲ ಕಣ್ರೀ ಅವ್ಳು!" ರಾಧಾಮಣಿ ಮೇಜಿನ ಮೇಲೆ ಅಂಗೈ ಬಡಿಯುತ್ತಾರೆ. "ಸಿಟ್ಟಲ್ಲೇ ಬಾಚ್ತಾವ್ಳೆ. ಎಳ್ದು ಎಳ್ದು ಬಾಚ್ತಾವ್ಳೆ. ಇಂಥದ್ದು ನಾನು ಎಲ್ಲೂ ಓದಿಲ್ಲ. ಅದನ್ನೇ ಸುಳ್ಳು ಅಂದ್ಬಿಟ್ನಲ್ಲ."

ಏಳು ಗಂಟೆಗೆ ಮಲ್ಕಾ ಬರುತ್ತಾರೆ. "ರಾಧಕ್ಕಾ, ನಂದೇ ತಪ್ಪು. ನಾನು ಹೇಳ್ತೀನಿ ಮೇಡಂಗೆ," ಅನ್ನುತ್ತಾರೆ. ರಾಧಾಮಣಿ ತಲೆಯಾಡಿಸುತ್ತಾರೆ. "ನೀನು ಆಳೆ ಆಸಿದ್ದೆ, ಅಷ್ಟೇ. ಬಾಯಿ ಆಕಿದ್ದು ನಾನು." ಎಂಟಕ್ಕೆ ಮಾಲೀಕರು ಬರುತ್ತಾರೆ. ಸುಬ್ರಮಣಿ ಕೆಟ್ಟವರಲ್ಲ, ವ್ಯವಹಾರಸ್ಥರು. "ಸುಮ್ನಿರಿ ರಾಧಾಮಣಿ. ನೀವು ಓದಿಲ್ಲ ಅಂತ ಯಾರಿಗ್ ಗೊತ್ತು? ಮೇಡಂ ಹೊಸ್ದಾಗಿ ಬರ್ಕೊಂಡ್ ಬರ್ತಾರೆ, ಪ್ರೆಸ್ಸಲ್ಲಿ ಅಚ್ಚಾಗುತ್ತೆ, ನಾವು ಮಡಿಚ್ಕೊಡ್ತೀವಿ. ಈಗ ಹೇಳಿದ್ರೆ ಇನ್ಮೇಲೆ ನಿಮ್ಮ ಮಾತಿಗೆ ಮರ್ಯಾದೆ ಉಳಿಯುತ್ತಾ?"

ಸುಬ್ರಮಣಿ ಹೇಳಿದ್ದು ನಿಜ. ಈ ಊರಿನಲ್ಲಿ ರಾಧಾಮಣಿಯವರ ಆಸ್ತಿ ಅಂತ ಇದ್ದರೆ ಆ ಮಾತಿನ ಮರ್ಯಾದೆಯೇ. ಬೀದಿಗೆ ಹೋಗಿ ನೋಡುತ್ತಾರೆ, ಒಳಗೆ ಬರುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಹೋಗುತ್ತಾರೆ. ತಂದ ಚಹಾ ಹಾಗೇ ಆರುತ್ತದೆ.

ಒಂಬತ್ತಕ್ಕೆ ಹತ್ತು ನಿಮಿಷವಿದೆ. ಪ್ರತಿಭಾ ಅವರ ಸ್ಕೂಟರ್ ಓಣಿಗೆ ತಿರುಗುತ್ತದೆ. ಸ್ಟ್ಯಾಂಡ್ ಹಾಕುವ ಮೊದಲೇ ರಾಧಾಮಣಿ ಎದುರು ನಿಂತಿದ್ದಾರೆ.

"ಮೇಡಂ, ಅವತ್ತು ನಾನು ಎಂಟನೇ ಫಾರಂ ಓದಿರ್ಲಿಲ್ಲ. ಓದಿರೋಳ ತರಾನೇ ಮಾತಾಡ್ದೆ. ನಿನ್ನೆ ಓದ್ದೆ. ನೀವು ಬರ್ದಿದ್ದೇ ಸರಿ. ನಂದು ತಪ್ಪಾಯ್ತು."

ಪ್ರತಿಭಾ ಹೆಲ್ಮೆಟ್ ತೆಗೆಯುತ್ತಾರೆ. ಸಿಟ್ಟು ಬಂದಿದೆ, ಬರಬೇಕಾದ್ದೇ. "ಹತ್ತೊಂಬತ್ತು ದಿನ, ರಾಧಾಮಣಿಯವರೇ. ಸ್ಕೂಲ್ ಮುಗಿಸಿ ಬಂದು ದಿನಾ ಕೂತು ಅಕ್ಕನ ಕೈಯಿಂದ ಆ ಬಾಚಣಿಗೆ ಕಿತ್ಕೊಂಡೆ. ನನಗೇ ಹೊಟ್ಟೆ ಉರೀತಿತ್ತು. ಆದ್ರೂ ನೀವು ಹೇಳಿದ್ರಲ್ಲಾ ಅಂತ."

"ಎಲ್ಲಾರೂ ಚೆನ್ನಾಗೈತೆ ಅಂದಿರ್ತಾರಲ್ಲ ಮೇಡಂ, ಅವ್ರ ಮಾತು ಕೇಳ್ಬಾರ್ದಿತ್ತಾ?"

"ಅವರು ಯಾರೂ ಓದಿರ್ಲಿಲ್ಲ. ನೀವು ಹನ್ನೊಂದು ಓದಿದ್ರಿ." ಹಾಗೆಂದ ಪ್ರತಿಭಾ ಹೊಸದಾಗಿ ಬರೆದ ಪುಟಗಳ ಲಕೋಟೆಯನ್ನು ಸ್ಕೂಟರಿನ ಡಿಕ್ಕಿಯಿಂದ ಹೊರಗೆ ತೆಗೆಯುವುದೇ ಇಲ್ಲ. ಸುಬ್ರಮಣಿಯವರ ಕಡೆ ತಿರುಗಿ, "ಇರೋದನ್ನೇ ಕಟ್ಬಿಡಿ ಸಾರ್," ಅನ್ನುತ್ತಾರೆ. ರಾಧಾಮಣಿಯವರಿಗೆ ಇನ್ನೇನೂ ಹೇಳದೆ ಗಾಡಿ ತಿರುಗಿಸುತ್ತಾರೆ. ಪಾಠಕ್ಕೆ ಹೊತ್ತಾಗಿದೆ.

ಕೆಲಸ ಶುರುವಾಗುತ್ತದೆ. ರಾಧಾಮಣಿ ಮತ್ತು ಮಲ್ಕಾ ಒಬ್ಬರ ಹಿಂದೆ ಒಬ್ಬರು ಮೇಜು ಸುತ್ತುತ್ತಾ ಒಂದೊಂದು ಕಟ್ಟಿನಿಂದ ಒಂದೊಂದು ಫಾರಂ ಎತ್ತಿ ಜೋಡಿಸುತ್ತಾರೆ. ಸಂಜೆಯೊಳಗೆ ಆರುನೂರೂ ಮುಗಿಯಬೇಕು. ಮನಸ್ಸು ಹಗುರಾಯಿತೇ ಎಂದು ಕೇಳಿದರೆ ರಾಧಾಮಣಿ ಕೈ ನಿಲ್ಲಿಸದೆ ಹೇಳುತ್ತಾರೆ: "ಎಲ್ಲಿಂದ? ಇದೂವರ್ಗೂ ಎಷ್ಟು ಪುಸ್ತಕಕ್ಕೆ ಇಂಗೆ ಏಳಿದೀನೋ ಅಂತ ಲೆಕ್ಕ ಆಕ್ತಾ ಇವ್ನಿ."

ಪುರವಣಿಗೆ ಬರೆಯಲು ಬಂದವರು ಹೊರಡುವ ಮುನ್ನ ಅವರಿಗೊಂದು ಸಮಾಧಾನ ಹೇಳಿದರು. ಮೂವತ್ತನಾಲ್ಕು ವರ್ಷದ ಓದು, ಚಂದ್ರ, ಈರುಳ್ಳಿ ಇಷ್ಟಿದ್ದರೆ ಸಾಕು, ಇವತ್ತಿನ ಬೆಳಗಿನದನ್ನು ಬರೆಯುವುದಿಲ್ಲ ಎಂದರು. ರಾಧಾಮಣಿ ಕೆಲಸದ ನಡುವೆ ಮೊದಲ ಸಲ ಮೇಜು ಸುತ್ತುವುದನ್ನು ನಿಲ್ಲಿಸಿದರು.

"ಬರೀರಿ. ಅದನ್ನ ಬಿಟ್ಟು ಬರೆದ್ರೆ ನೀವೂ ಒಂದು ಫಾರಂ ಬಿಟ್ಟಂಗೆ."