ಫೋಟೋ ಮಾಮನ ಹೊಸ ಗಾಜು

ಅವರ ಬಲಗೈಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಗಾಜಿನ ಮೇಲೆ ಗಾಜಿಟ್ಟು ಉಜ್ಜಿ ಉಜ್ಜಿ ಸವೆದುಹೋಗಿದ್ದವು. ಆಶೀರ್ವಾದ ಮಾಡಲು ತಲೆ ಮುಟ್ಟಿದರೆ ಆ ನುಣುಪು ಹಣೆಗೆ ತಿಳಿಯುತ್ತಿತ್ತು. ಚಾಮರಾಜಪೇಟೆಯಲ್ಲಿ ನಮ್ಮ ತವರಿನ ಗೋಡೆಗೆ ಗೋಡೆ ಸೇರಿದಂತೆ ಅವರ ಮನೆ; ಮುಂದಿನ ಕೋಣೆಯೇ ಸ್ಟುಡಿಯೋ. ಬೀದಿಗೆಲ್ಲ ಅವರು ಫೋಟೋ ಮಾಮ.

ಅಂಥ ಪುಕ್ಕಲು ಮನುಷ್ಯರನ್ನು ನಾನು ಬೇರೆ ಕಂಡಿಲ್ಲ. ಗುಡುಗಿದರೆ ಕ್ಯಾಮರಾಕ್ಕೆ ಕಂಬಳಿ ಹೊದಿಸಿ ತಾವೂ ಅದರ ಪಕ್ಕದಲ್ಲಿ ಕೂತುಬಿಡುತ್ತಿದ್ದರು. ಬೀದಿಯಲ್ಲಿ ಬಸವ ಬಂದರೆ ಓಡಿ ನಮ್ಮ ಜಗಲಿ ಹತ್ತುತ್ತಿದ್ದರು. ಬೇರೆ ಫೋಟೋದವರು ಉಸಿರು ಬಿಗಿಹಿಡಿಯಲು ಹೇಳಿದರೆ ಇವರಿಗೆ ಅದೂ ಭಯ. "ಉಸಿರಾಡ್ತಾ ಇರಿ, ಅಲುಗಾಡ್ಬೇಡಿ ಅಷ್ಟೆ" ಅನ್ನುತ್ತಿದ್ದರು. ನಾನೂ ಅಕ್ಕನೂ ಅದನ್ನು ಅಣಕಿಸಿ ನಗುತ್ತಿದ್ದೆವು.

ಅಕ್ಕನ ಚೊಚ್ಚಲ ಬಸಿರಿನ ಹೊತ್ತಿಗೆ ಯುದ್ಧ ನಡೆಯುತ್ತಿತ್ತು. ಅಮ್ಮ ಅವಳಿಗೆ ಮೊಗ್ಗಿನ ಜಡೆ ಹಾಕಿದರು; ಜಡೆಯೂ ಕಾಣಲೆಂದು ಬೆನ್ನ ಹಿಂದೆ ನಿಲುಗನ್ನಡಿ ಇಟ್ಟು, ಮಾಮನೇ ಫೋಟೋ ತೆಗೆದರು. ಕೆಲವೇ ದಿನಗಳಲ್ಲಿ ಅವಳಿಗೆ ಕೈಕಾಲು ಸೆಟೆದು ಸೆಳವು ಬಂತು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಮೈ ಊದಿದ್ದನ್ನು ಮನೆಯವರು ಯಾರೂ ನೋಡಲಿಲ್ಲವೇ ಎಂದು ಲೇಡಿ ಡಾಕ್ಟರು ಕೇಳಿದರು. ನೋಡಿದ್ದೆವು. ಮೈಕೈ ತುಂಬಿಕೊಂಡಿದ್ದಾಳೆಂದು ದೃಷ್ಟಿ ತೆಗೆದಿದ್ದೆವು.

ಆಮೇಲೆ ಮಾಮ ಬಸಿರಿಯರ ಫೋಟೋ ತೆಗೆಯುವುದನ್ನೇ ಬಿಟ್ಟು, ಜಗಲಿಯಲ್ಲಿ ಕೂತು ಗಾಜು ಉಜ್ಜತೊಡಗಿದರು. ಅವರದು ಮೂರು ಕಾಲಿನ ಹಳೆಯ ಕ್ಯಾಮರಾ. ಕರಿಬಟ್ಟೆಯೊಳಗೆ ತಲೆ ತೂರಿಸಿದರೆ, ಹಿಂದಿನ ಮಸುಕು ಗಾಜಿನ ಮೇಲೆ ಎದುರಿಗಿರುವವರು ತಲೆಕೆಳಗಾಗಿ ಮೂಡುತ್ತಾರೆ. ಅದನ್ನು ನೋಡಿಕೊಂಡೇ ಫೋಕಸ್ ಮಾಡಬೇಕು. ಹಳೆಯ ಗಾಜಿನಲ್ಲಿ ನಡುವೆ ಒಂದಿಷ್ಟು ಬೆಳಕು, ಉಳಿದದ್ದೆಲ್ಲ ಮಬ್ಬು. ಯುದ್ಧದಿಂದಾಗಿ ವಿಲಾಯಿತಿ ಗಾಜು ಬರುವುದು ನಿಂತು, ಸಾದಾ ಗಾಜನ್ನೇ ಉಜ್ಜಿ ಮಸುಕು ಮಾಡಿಕೊಳ್ಳಬೇಕಿತ್ತು. ಕನ್ನಡಕದ ಅಂಗಡಿಯಿಂದ ನಯವಾದ ಪುಡಿ ತಂದು, ನೀರು ಚಿಮುಕಿಸಿ ಉಜ್ಜುವರು, ಬಿಸಿಲಿಗೆ ಹಿಡಿದು ನೋಡುವರು, ಸಾಲದೆಂದು ಇನ್ನೊಂದು ಗಾಜು ಎತ್ತಿಕೊಳ್ಳುವರು. ಆ ಕರಕರ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಉಜ್ಜಿದ ಮೈ ಲೆನ್ಸಿನ ಕಡೆಗೇ ಇರಬೇಕು, ಇಲ್ಲದಿದ್ದರೆ ಗಾಜಿನ ದಪ್ಪದಷ್ಟು ಫೋಕಸ್ ತಪ್ಪಿ ಕ್ಯಾಮರಾ ಸುಳ್ಳು ಹೇಳುತ್ತದೆ ಎಂದು ಎದುರು ಸಿಕ್ಕವರಿಗೆಲ್ಲ ಹೇಳುವರು. ಕೊನೆಗೆ ಒಂದು ಗಾಜು ಅವರಿಗೆ ಒಪ್ಪಿಗೆಯಾಯಿತು. ಅದರಲ್ಲಿ ಮೂಲೆಯಲ್ಲಿದ್ದ ಸೀರೆಯಂಚಿನ ಎಳೆಯೂ ಕಾಣುತ್ತಿತ್ತಂತೆ.

ಯುದ್ಧ ಮುಗಿಯಿತು, ನನಗೆ ಮದುವೆಯಾಯಿತು, ನಾನೂ ಬಸಿರಾಗಿ ತವರಿಗೆ ಬಂದೆ. ಅದೇ ಮನೆ, ಅದೇ ನಿಲುಗನ್ನಡಿ, ಗೋಡೆಯ ಮೇಲೆ ಮೊಗ್ಗಿನ ಜಡೆಯ ಅಕ್ಕ. ಆ ಫೋಟೋದ ಕೆಳಗೆ ಊಟಕ್ಕೆ ಕೂರಲೂ ನನಗೆ ಭಯ. ಅತ್ತೆಯ ಮನೆಯಿಂದ ನನ್ನದೂ ಅಂಥದೇ ಫೋಟೋ ಬೇಕೆಂದು ಹೇಳಿ ಕಳಿಸಿದರು. ಇಲ್ಲವೆನ್ನುವ ಧೈರ್ಯ ಅಮ್ಮನಿಗಿರಲಿಲ್ಲ. ಮಾಮ ಮೊದಲು ಆಗುವುದೇ ಇಲ್ಲವೆಂದರು. ಮಾರನೆಯ ದಿನ ತಾವೇ ಕ್ಯಾಮರಾ ಹೊತ್ತು ಬಂದರು. "ಬೇರೆಯವರು ಬಂದ್ರೆ ಜಡೆ ನೋಡ್ತಾರೆ, ಹುಡುಗೀನ ನೋಡಲ್ಲ" ಎಂದರು.

ಕೈತುಂಬ ಬಳೇಪೇಟೆಯ ಹಸಿರು ಬಳೆಯಿತ್ತು; ಮೊಗ್ಗಿನ ಜಡೆ ಹಾಕಿಸಿಕೊಂಡು ಕನ್ನಡಿಗೆ ಬೆನ್ನು ಮಾಡಿ ನಿಂತೆ. ಮಾಮ ಕರಿಬಟ್ಟೆಯೊಳಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಟ್ಟೆಯ ಕೆಳಗೆ ಅವರ ಕಾಲುಗಳು ಒಮ್ಮೆ ಮುಂದೆ, ಒಮ್ಮೆ ಹಿಂದೆ ಸರಿಯುತ್ತಿದ್ದವು. ಬೆನ್ನ ಹಿಂದಿನ ಕನ್ನಡಿಯಲ್ಲಿ ಅಕ್ಕ ನಿಂತಿದ್ದಾಳೆ ಅನ್ನಿಸಿ, ತಿರುಗಿ ನೋಡಲೂ ಆಗದೆ ನಿಂತೆ.

ಕೊನೆಗೆ ತಲೆ ಹೊರಗೆ ತೆಗೆದು, "ಮಗು, ಬಳೆ ಜರುಗುತ್ತಾ?" ಎಂದರು.

ಜರುಗಿಸಿ ನೋಡಿದೆ. ಜರುಗಲಿಲ್ಲ. ಹಿಂದಿನ ವಾರ ತೊಡಿಸಿದಾಗ ಸಲೀಸಾಗಿ ಏರಿದ್ದವು.

ಅಮ್ಮನಿಗೆ ಸಿಟ್ಟು ಬಂತು. ಬಸಿರಿ ಮೈ ತುಂಬಿಕೊಳ್ಳದೆ ಒಣಗಬೇಕೇ, ಶುಭದ ಹೊತ್ತಿನಲ್ಲಿ ಇದೆಂಥ ಮಾತು ಎಂದು ಗದರಿದರು. ಮಾಮ ಕರಿಬಟ್ಟೆ ಎತ್ತಿ ಹಿಡಿದರು. ಗಾಜಿನಲ್ಲಿ ಒಮ್ಮೆ ನೋಡಿ ಎಂದು ಅಮ್ಮನನ್ನೇ ಕರೆದರು. ತುಂಬು ಬಸಿರಿ ಮಗಳು ತಲೆಕೆಳಗಾಗಿ ನೇತಾಡುವುದನ್ನು ಕಂಡು ಅಮ್ಮ ಹೌಹಾರಿ ಹಿಂದೆ ಸರಿದರು. "ಮುಖ ನೋಡ್ಬೇಡಿ, ಕೈ ಮಾತ್ರ ನೋಡಿ" ಎಂದು ಮಾಮ ಮತ್ತೆ ಬಟ್ಟೆ ಎತ್ತಿ ಹಿಡಿದರು.

ಈಚೆ ಬಂದವರೇ ಅಮ್ಮ ಆಸ್ಪತ್ರೆಗೆ ಹೋಗಲು ಜಟಕಾ ಕರೆಸಲು ಹೇಳಿದರು. ತಲೆಕೆಳಗಾಗಿದ್ದರಿಂದ ಅದು ಮಗಳ ಕೈ ಅನ್ನಿಸಲೇ ಇಲ್ಲ, ಯಾರದೋ ಊದಿದ ಕೈ, ಬಳೆಗಳು ಮಾಂಸದೊಳಗೆ ಹೂತುಹೋಗಿದ್ದವು ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ.

ಜಟಕಾ ಬರುವವರೆಗೆ ಮಾಮ ಜಗಲಿಯಲ್ಲಿ ಕೂತು ಅಳುತ್ತಿದ್ದರು. "ನಿಮ್ಮಕ್ಕನ ಫೋಟೋದಲ್ಲೂ ಮುಖ ದಪ್ಪ ಬಂದಿತ್ತು ಮಗು. ಮಬ್ಬು ಗಾಜು, ಫೋಕಸ್ ತಪ್ಪಿದೆ ಅಂದ್ಕೊಂಡೆ. ನೆಗೆಟಿವ್ ತಿದ್ದಿ ಮುಖ ತೆಳ್ಳಗೆ ಮಾಡ್ಬಿಟ್ಟೆ."

ಗೋಡೆಯ ಮೇಲಿನ ಅಕ್ಕ ಅಷ್ಟು ಚೆಂದ ಯಾಕಿದ್ದಾಳೆಂದು ನನಗೆ ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಮೊದಲು ಬಳೆಗಳನ್ನು ಒಡೆದರು. ಅಮ್ಮ ಕಣ್ಣು ಮುಚ್ಚಿಕೊಂಡರು. ರಕ್ತದೊತ್ತಡ ಏರಿದೆ, ಬೆಳಕು ಬಿದ್ದರೂ ಸೆಳವು ಬಂದೀತು ಎಂದು ನನ್ನನ್ನು ಕತ್ತಲೆ ಮಾಡಿದ ಕೋಣೆಯಲ್ಲಿ ಮಲಗಿಸಿದರು. ಕಾಲು ಸ್ವಲ್ಪ ಅದುರಿದರೂ ಸೆಳವು ಬಂತೆಂದೇ ಹೆದರಿ ಬೆವೆತೆ. ಉಸಿರಾಡ್ತಾ ಇರಿ, ಅಲುಗಾಡ್ಬೇಡಿ ಎಂದು ಮಾಮನ ಮಾತನ್ನೇ ಜಪದಂತೆ ಹೇಳಿಕೊಂಡೆ. ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಇಬ್ಬರೂ ಉಳಿದೆವು.

ಹಾಗಾಗಿ ಮೊಗ್ಗಿನ ಜಡೆಯ ಫೋಟೋ ನನ್ನದಿಲ್ಲ. ನಾಮಕರಣಕ್ಕೆ ಮಾಮ ಕ್ಯಾಮರಾ ತಂದಾಗ, ಅವರು ಕೇಳುವ ಮೊದಲೇ ಎರಡೂ ಕೈ ಚಾಚಿ ಬಳೆ ಅಲುಗಿಸಿ ತೋರಿಸಿದೆ. ಅವರು ನಕ್ಕು ಬಟ್ಟೆಯೊಳಗೆ ಹೋದರು. ಅಂದಿನಿಂದ ಅದೇ ರೂಢಿಯಾಯಿತು. ತವರಿಗೆ ಬಂದಾಗಲೆಲ್ಲ ಅವರ ಜಗಲಿಯ ಮುಂದೆ ನಿಂತು ಕೈ ಅಲುಗಿಸಬೇಕು; ಬಳೆಯ ಸದ್ದು ಕೇಳಿದ ಮೇಲೇ "ಬಾ ಮಗು" ಅನ್ನುತ್ತಿದ್ದರು.

ಅವರು ತೀರಿಕೊಂಡ ದಿನ ಮಗಳನ್ನೂ ಕರೆದುಕೊಂಡು ಹೋದೆ. ಜಗಲಿಯ ಮೇಲೆ ಮಲಗಿಸಿದ್ದರು. ಆ ನುಣುಪು ಬೆರಳುಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಕಾಲಿಗೆ ನಮಸ್ಕರಿಸಲು ಹೋದವಳು ಅದನ್ನು ಮರೆತು, ಎರಡೂ ಕೈ ಚಾಚಿ ಬಳೆ ಅಲುಗಿಸಿಬಿಟ್ಟೆ. ಸುತ್ತ ನಿಂತವರು ತಬ್ಬಿಬ್ಬಾಗಿ ನೋಡಿದರು. ಮಗಳು ನನ್ನ ಪಕ್ಕಕ್ಕೆ ಬಂದು ತನ್ನ ಪುಟ್ಟ ಕೈಗಳನ್ನೂ ಚಾಚಿದಳು.